ಕಾರ್ ಎಸಿ ಬಿಸಿ ಗಾಳಿ ಬಿಡಾಕತ್ತಿದ್ರ ಗ್ಯಾಸ್ ಹಾಕ್ಸೂಕಿಂತ ಮೊದಲ ಇಷ್ಟು ನೋಡ್ರಿ

ನಮ್ಮ ವಿಜಯಪುರದಾಗ ಏಪ್ರಿಲ್ ಬಂತಂದ್ರ ಮಧ್ಯಾಹ್ನ ಸ್ಟೇರಿಂಗ್ ಮುಟ್ಟಾಕ ಆಗೂದಿಲ್ಲ, ಬಿಸಲು 40 ದಾಟಿರ್ತೈತಿ, ಅಂಥಾದ್ರಾಗ ಎಸಿ ಹಚ್ಚಿದ್ರ ಬಿಸಿ ಗಾಳಿ ಬಂತು ಅಂದ್ರ ಗಾಡ್ಯಾಗ ವಯಸ್ಸಾದವ್ರು, ಸಣ್ಣ ಹುಡುಗ್ರು ಇದ್ದಾಗ ಭಾಳ ತ್ರಾಸ ಆಗ್ತೈತಿ. ಆಗ ಎಲ್ಲಾರೂ ಹೇಳೂದು ಒಂದ ಮಾತು, "ಗ್ಯಾಸ್ ಖಾಲಿ ಆಗೈತಿ, ತುಂಬಿಸ್ಕೊಂಡ್ ಬಾ". ನಾನೂ ಹಂಗ ಮಾಡ್ದೆ. ಒಂದ ಬ್ಯಾಸಗ್ಯಾಗ ಎರಡ್ ಸಲ ತುಂಬಿಸಿದೆ, ಎರಡೂ ಸಲ ರೊಕ್ಕ ಹೋತು, ಎಸಿ ಹಂಗ ಉಳೀತು. ಕೊನಿಗೆ ಬ್ಯಾರೆ ಕಡೆ ತೋರಿಸಿದ್ರ ಗ್ಯಾಸಿಂದು ಏನೂ ತಪ್ಪ ಇದ್ದಿದ್ದಿಲ್ಲ, ಕಂಡೆನ್ಸರ್ ಫ್ಯಾನ್ ತಿರಗ್ತಿದ್ದಿಲ್ಲ, ಅದರ ರಿಲೇ (ಕರೆಂಟ್ ಚಾಲೂ-ಬಂದ್ ಮಾಡೂ ಸಣ್ಣ ಸ್ವಿಚ್ಚಿನಂಥಾದ್ದು) ಸುಟ್ಟಿತ್ತು. ಅದಕ್ಕ ಇದನ್ನ ಬರ್ಯಾಕತ್ತೀನಿ, ನಿಮ್ಮ ರೊಕ್ಕ ಹಂಗ ಹೋಗಬಾರ್ದು.

ಮೊದಲ ಒಂದ್ ಮಾತು ತಿಳ್ಕೋರಿ, ಎಸಿ ಗ್ಯಾಸ್ ಪೆಟ್ರೋಲ್ ಇದ್ದಂಗ ಅಲ್ಲ, ಅದು ಉರಿದು ಖಾಲಿ ಆಗೂದಿಲ್ಲ. ಕಂಪ್ರೆಸರ್ ಅದನ್ನ ಒತ್ತಿ ಬಿಸಿ ಮಾಡ್ತೈತಿ, ಮುಂದ ರೇಡಿಯೇಟರ್ ಮುಂದಿರೋ ಕಂಡೆನ್ಸರ್‌ನಾಗ ಆ ಬಿಸಿ ಹೊರಗ ಹೋಗಿ ಗ್ಯಾಸ್ ನೀರಿನಂಗ ದ್ರವ ಆಗ್ತೈತಿ, ಆಮ್ಯಾಲ ಸಣ್ಣ ತೂತಿನ ವಾಲ್ವ್ ದಾಟಿ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ಗೆ ಹೋಗಿ ಮತ್ತ ಆವಿ ಆಗ್ತೈತಿ, ಹಂಗ ಆಗೂ ಮುಂದ ಕಾಯಿಲ್ ತಣ್ಣಗ ಮಾಡ್ತೈತಿ, ಬ್ಲೋವರ್ ಅದರ ಮ್ಯಾಲಿಂದ ಗಾಳಿ ದಬ್ಬತೈತಿ. ಅಷ್ಟ. ಅದ ಗ್ಯಾಸ್ ತಿರಗಿ ತಿರಗಿ ಕೆಲಸ ಮಾಡ್ತಿರ್ತೈತಿ. ರಬ್ಬರ್ ಪೈಪಿನಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಹೋಗೂದು ಸಹಜ, ಆದ್ರ ಪ್ರತಿ ಬ್ಯಾಸಗಿಗೆ ತುಂಬಿಸಬೇಕಾಗೈತಿ ಅಂದ್ರ ಎಲ್ಲೋ ಲೀಕ್ ಐತಿ ಅಂತ ಅರ್ಥ, ಅದನ್ನ ಹುಡುಕದ ತುಂಬಿದ್ರ ತೂತಿನ ಕೊಡಕ್ಕ ನೀರ್ ಹಾಕ್ದಂಗ.

ಹಂಗಾದ್ರ ಎಲ್ಲಿಂದ ಶುರು ಮಾಡೂದು? ಪಾನಾ ಹಿಡಿಯೂಕಿಂತ ಮೊದಲ ಯಾವಾಗ ಬಿಸಿ ಬರ್ತೈತಿ ಅಂತ ಎರಡ್ ದಿನ ಗಮನಾ ಇಟ್ಟು ನೋಡ್ರಿ, ಅರ್ಧ ರೋಗ ಅಲ್ಲೇ ಗೊತ್ತಾಗ್ತೈತಿ. ನಂದು ಹೇಳ್ತೀನಿ ಕೇಳ್ರಿ. ಅಪ್ಪಾರ್ನ ಕಣ್ಣು ತೋರಿಸಾಕ ಬಾಗಲಕೋಟಿಗೆ ಕರ್ಕೊಂಡ್ ಹೊಂಟಿದ್ದೆ, ಗಾಂಧಿ ಚೌಕದ ಗದ್ದಲದಾಗ ಬೆವರು ಇಳ್ಯಾಕತ್ತಿತ್ತು, ಊರ ದಾಟಿ ಹೈವೇಕ ಬಿದ್ದ ಮ್ಯಾಲ ಎಸಿ ತಣ್ಣಗಾತು, ಕೊಲ್ಹಾರದಾಗ ಮೊಸರು ತಗೊಳ್ಳಾಕ ಗಾಡಿ ಚಾಲೂ ಇಟ್ಟ ಹತ್ತ ನಿಮಿಷ ನಿಂತ್ರ ಮತ್ತ ಬಿಸಿ, ಕೃಷ್ಣಾ ನದಿ ಬ್ರಿಜ್ ಮ್ಯಾಲ ಓಡ್ಯಾಕತ್ತಿದ ಕೂಡ್ಲೆ ಮತ್ತ ತಂಪು. ನಿಂತಾಗ ಬಿಸಿ, ಓಡುವಾಗ ತಂಪು ಅಂದ್ರ ಹೆಚ್ಚಾಗಿ ಕಂಡೆನ್ಸರ್‌ಗೆ ಗಾಳಿ ಸಾಲಾಕತ್ತಿಲ್ಲ. ಓಡುವಾಗ ಎದುರಿನ ಗಾಳಿ ಫ್ಯಾನಿನ ಕೆಲಸ ಮಾಡ್ತೈತಿ, ನಿಂತಾಗ ಫ್ಯಾನ ಮಾಡ್ಬೇಕು, ಅದು ತಿರಗದಿದ್ರ ಪ್ರೆಶರ್ ಏರಿ ಏರಿ ಕಂಪ್ರೆಸರ್ ಒಡೀಬಾರ್ದಂತ ಪ್ರೆಶರ್ ಸ್ವಿಚ್ ಅದನ್ನ ಬಂದ್ ಮಾಡ್ತೈತಿ. ಇಂಥಾದ್ರಾಗ ಇನ್ನಷ್ಟ ಗ್ಯಾಸ್ ತುಂಬಿದ್ರ ಪ್ರೆಶರ್ ಮತ್ತಷ್ಟ ಏರಿ ಎಸಿ ಇನ್ನೂ ಜಲ್ದಿ ಬಂದ್ ಆಗ್ತೈತಿ, ನನ್ನ ಗಾಡ್ಯಾಗ ಆಗಿದ್ದು ಅದ. ಯಾವಾಗ ಬಿಸಿ ಬರ್ತೈತಿ ಅಂತ ಮೊದಲಿನ ಗ್ಯಾರೇಜಿನವ್ರು ಒಂದ್ ಮಾತು ಕೇಳಿದ್ರ ಸಾಕಿತ್ತು, ಈಗೂ ನೆನಸಿದ್ರ ಸಿಟ್ಟ ಬರ್ತೈತಿ.

ಮುಂಜಾನೆ ಚೊಲೋ, ಒಂದ್ ತಾಸು ಓಡಿದ ಮ್ಯಾಲ ಒಮ್ಮಿಗೆ ಬಿಸಿ, ಅರ್ಧ ತಾಸು ಬಂದ್ ಇಟ್ಟು ಹಚ್ಚಿದ್ರ ಮತ್ತ ಚೊಲೋ, ಹಿಂಗಿದ್ರ ಎರಡರಾಗ ಒಂದು. ಗಾಳಿಯ ಜೋರೂ ಕಡಿಮಿ ಆಗಿದ್ರ ಕೂಲಿಂಗ್ ಕಾಯಿಲ್ ಮ್ಯಾಲ ಬರ್ಫ ಕಟ್ಟೈತಿ, ಕ್ಯಾಬಿನ್ ಫಿಲ್ಟರ್ ಗಚ್ಚಾಗಿರ್ತೈತಿ ಇಲ್ಲಾಂದ್ರ ಕಾಯಿಲ್ ಸೆನ್ಸರ್ ಹೋಗಿರ್ತೈತಿ. ಗಾಳಿ ಜೋರ್ ಹಂಗ ಇದ್ದು ತಂಪು ಅಷ್ಟ ಹೋದ್ರ ಕಂಪ್ರೆಸರಿನ ಕ್ಲಚ್ ಮ್ಯಾಲ ಸಂಶಯ ಪಡ್ರಿ, ಅದನ್ನ ಕೆಳಗ ಹೇಳ್ತೀನಿ. ಯಾವಾಗ್ಲೂ ಬಿಸಿ, ಮುಂಜಾನೆನೂ ಬಿಸಿ ಅಂದ್ರ ಕಂಪ್ರೆಸರ್ ಶುರುನ ಆಗಾಕತ್ತಿಲ್ಲ, ಇಲ್ಲಾ ಗ್ಯಾಸ್ ಹೋಗೇತಿ, ಇಲ್ಲಾ ಟೆಂಪರೇಚರ್ ನಾಬ್ ತಿರವಿದ್ರೂ ಒಳಗಿನ ಫ್ಲ್ಯಾಪ್ ಹೀಟರ್ ಕಡೆನ ಸಿಕ್ಕೊಂಡೈತಿ. ಫ್ಲ್ಯಾಪ್ ಇದ್ರ ಗುರ್ತು ಹಿಡಿಯೂದು ಸಸಾರ, ಬಾನೆಟ್ ಒಳಗಿನ ಎಸಿ ಪೈಪ್ ತಣ್ಣಗ ಇರ್ತೈತಿ, ಒಳಗ ಗಾಳಿ ಅಷ್ಟ ಬಿಸಿ ಬರ್ತೈತಿ.

ಈಗ ಬಾನೆಟ್ ತಗೀರಿ. ಗಾಡಿ ಬಯಲಾಗ ನಿಂದರ್ಸ್ರಿ, ಬಂದ್ ಶೆಡ್ಡಿನಾಗ ಇಂಜಿನ್ ಚಾಲೂ ಇಟ್ಟು ಕೆಲಸ ಮಾಡಬ್ಯಾಡ್ರಿ, ಹೊಗಿ ತುಂಬಿ ಜೀವಕ್ಕ ಅಪಾಯ. ಹೆಗಲ ಮ್ಯಾಲಿನ ಟವೆಲ್, ಸೀರಿ ಸೆರಗು, ಓಡ್ನಿ ತಗದು ದೂರ ಇಡ್ರಿ, ಕೈ ಬೆಲ್ಟಿನ ಹತ್ರ ಒಯ್ಯಬ್ಯಾಡ್ರಿ, ಮತ್ತ ಕರೆಂಟ್ ಫ್ಯಾನ್ ಇಂಜಿನ್ ಬಂದ್ ಇದ್ರೂ ಒಮ್ಮಿಗೆ ತಿರಗಾಕ ಶುರು ಮಾಡಬಹುದು ಅನ್ನೂದು ನೆನಪಿರ್ಲಿ. ಇಂಜಿನ್ ಚಾಲೂ ಮಾಡಿ, ಎಸಿ ಫುಲ್ ತಂಪಿಗೆ, ಬ್ಲೋವರ್ ಫುಲ್ಲಿಗೆ ಇಟ್ಟು ಮನ್ಯಾನವ್ರಿಗೆ ಒಳಗ ಕುಂತು ಎಸಿ ಬಟನ್ ಒತ್ತು-ಬಿಡು ಮಾಡಾಕ ಹೇಳ್ರಿ. ಬಟನ್ ಒತ್ತಿದಾಗ ಟಕ್ ಅಂತ ಸಪ್ಪಳ ಬಂದು ಕಂಪ್ರೆಸರ್ ಪುಲ್ಲಿಯ ನಡುವಿನ ಪ್ಲೇಟ್ ತಿರಗಬೇಕು, ಕ್ಲಚ್ ಹಿಡೀತು ಅಂದ್ರ ಇದ. ಹೊರಗಿನ ಪುಲ್ಲಿ ಇಂಜಿನ್ ಚಾಲೂ ಇದ್ದಷ್ಟೂ ಹೊತ್ತು ತಿರಗ್ತಿರ್ತೈತಿ, ಅದನ್ನ ನೋಡಿ ಕಂಪ್ರೆಸರ್ ಚಾಲೂ ಐತಿ ಅಂತ ಭಾಳ ಮಂದಿ ಮೋಸ ಹೋಗ್ತಾರ, ನಡುವಿನ ಪ್ಲೇಟ್ ಅಷ್ಟ ನೋಡ್ರಿ. (ಕೆಲವು ಹೊಸಾ ಗಾಡ್ಯಾಗ ಕ್ಲಚ್ಚ ಇರೂದಿಲ್ಲ, ಅದ್ರಾಗ ಟಕ್ ಸಪ್ಪಳ ಬರೂದಿಲ್ಲ.) ಅದರ ಕೂಡ ಮುಂದಿನ ಫ್ಯಾನ್ ತಿರಗ್ತೈತೇನು ನೋಡ್ರಿ, ನಮ್ಮ ಕಡೆ ಬಿಸಲಾಗ ಎಸಿ ಹಚ್ಚಿ ನಿಂತಾಗ ಅದು ತಿರಗಲೇಬೇಕು.

ಫ್ಯಾನೂ ಇಲ್ಲ, ಕ್ಲಚ್ಚೂ ಇಲ್ಲ ಅಂದ್ರ ಫ್ಯೂಸ್ ಬಾಕ್ಸ್ ತಗೀರಿ, ಮುಚ್ಚಳದ ಒಳಗ ಯಾವುದು ಎಲ್ಲಿಂದು ಅಂತ ಚಿತ್ರ ಇರ್ತೈತಿ. ಇಂಜಿನ್ ಬಂದ್ ಮಾಡಿ ಎಸಿ ರಿಲೇ ತಗದು, ಅದ ನಂಬರಿನ ಹಾರ್ನ್ ರಿಲೇ ಇದ್ರ ಅದನ್ನ ಅಲ್ಲಿ ಹಾಕಿ ನೋಡ್ರಿ. ಚಾಲೂ ಆತಂದ್ರ ಒಂದ್ ರಿಲೇದಾಗ ಕೆಲಸ ಮುಗೀತು. ಫ್ಯೂಸ್ ಸುಟ್ಟಿದ್ರ ಅದ ಆಂಪಿಯರಿಂದ ಹಾಕ್ರಿ, ದೊಡ್ಡದು ಹಾಕಬ್ಯಾಡ್ರಿ, ವೈರಿಂಗ್ ಸುಡ್ತೈತಿ.

ಕ್ಲಚ್ಚಿನ ವಿಷಯ. ಆ ಪ್ಲೇಟಿಗೂ ಪುಲ್ಲಿಗೂ ನಡುವ ಕೂದಲೆಳಿಯಷ್ಟ ಸಂದು ಇರ್ತೈತಿ, ಸಾಮಾನ್ಯವಾಗಿ 0.3 ರಿಂದ 0.6 ಮಿಲಿಮೀಟರ್. ವರ್ಷ ಕಳದಂಗ ಸವೆದು ಅದು ಅಗಲ ಆಗ್ತೈತಿ. ಕ್ಲಚ್ಚಿನ ಕರೆಂಟ್ ಕಾಯಿಲ್ (ಕೂಲಿಂಗ್ ಕಾಯಿಲ್ ಅಲ್ಲ) ತಣ್ಣಗಿದ್ದಾಗ ಅದರ ಚುಂಬಕ ಪ್ಲೇಟನ್ನ ಎಳೀತೈತಿ, ಬಿಸಿ ಆದ ಮ್ಯಾಲ ಶಕ್ತಿ ಸಾಲೂದಿಲ್ಲ, ಪ್ಲೇಟ್ ಬಿಡ್ತೈತಿ. ಮುಂಜಾನೆ ಚೊಲೋ ಮಧ್ಯಾಹ್ನ ಬಿಸಿ ಅನ್ನೂ ರೋಗದ ಮೂಲ ಎಷ್ಟೋ ಸಲ ಇದ, ಮತ್ತ ಇದಕ್ಕ ಪೂರ್ತಿ ಕಂಪ್ರೆಸರ್ ಬದಲಿ ಮಾಡು ಅಂತ ಹೇಳಿದ್ರ ಒಪ್ಪಬ್ಯಾಡ್ರಿ, ಬಹಳ ಗಾಡ್ಯಾಗ ಒಳಗಿನ ತೆಳು ವಾಷರ್ ತಗದು ಸಂದು ಸರಿ ಮಾಡಬಹುದು, ಇಲ್ಲಾ ಕ್ಲಚ್ ಅಷ್ಟ ಬದಲಿ ಮಾಡಬಹುದು.

ಫ್ಯಾನ್, ಕ್ಲಚ್ ಎರಡೂ ಸರಿ ಇದ್ರ ಕಂಡೆನ್ಸರ್ ನೋಡ್ರಿ. ನಮ್ಮ ಕಡೆ ಇದು ಭಾಳ ದೊಡ್ಡ ಕಾರಣ, ಮಂದಿ ಅದನ್ನ ಲೆಕ್ಕಕ್ಕ ಹಿಡಿಯೂದಿಲ್ಲ. ಕಬ್ಬಿನ ಸೀಜನ್‌ದಾಗ ಜಮಖಂಡಿ, ಮುಧೋಳ ರೋಡಿನಾಗ ಟ್ರ್ಯಾಕ್ಟರ್ ಹಿಂದ ಹಾರೂ ರವದಿ, ರೋಡ್ ಮ್ಯಾಲ ರಾಶಿಗೆ ಹಾಕಿದ ಬೆಳಿಯ ಹೊಟ್ಟು, ಎರಿಮಣ್ಣಿನ ಧೂಳ, ಎಲ್ಲಾ ಗ್ರಿಲ್ಲಿನಿಂದ ಒಳಗ ಹೋಗಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವ ಕಂಬಳಿಯಂಗ ಕುಂದರ್ತೈತಿ. ಪರೀಕ್ಷೆ ಸಸಾರ ಐತಿ: ಗಾಡಿ ನಿಂತಲ್ಲೇ ಬಿಸಿ ಬರ್ತಿರೋ ಮುಂದ ಗ್ರಿಲ್ಲಿನ ಮುಂದಿಂದ ಒಂದೆರಡ್ ಬಾಟ್ಲಿ ನೀರ್ ಕಂಡೆನ್ಸರ್ ಮ್ಯಾಲ ಹಾಕ್ರಿ, ಒಂದೆರಡ್ ನಿಮಿಷದಾಗ ಗಾಳಿ ತಂಪಾತಂದ್ರ ದೋಷ ಅಲ್ಲೇ ಐತಿ, ಫ್ಯಾನ್ ಇಲ್ಲಾ ಕಸ. ತೊಳಿಯೂದು ಇಂಜಿನ್ ಪೂರ್ತಿ ಆರಿದ ಮ್ಯಾಲ, ಸಾದಾ ಪೈಪಿನ ನೀರಿನಿಂದ. ಸರ್ವಿಸಿಂಗ್ ಸೆಂಟರಿನ ಜೋರ್ ಪ್ರೆಶರ್ ಹತ್ರದಿಂದ ಹಿಡಿಸಬ್ಯಾಡ್ರಿ, ಕಾಗದದಂಥಾ ಪಟ್ಟಿ ಎಲ್ಲಾ ಮಲಗ್ತಾವು, ಆಮ್ಯಾಲ ಗಾಳಿ ದಾಟೂದ ಇಲ್ಲ. ಕೈ ಹಚ್ಚಿದ್ರೀ ಅಂದ್ರ ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್‌ನೂ ತಗದು ನೋಡ್ರಿ.

ಇಷ್ಟೆಲ್ಲಾ ಸರಿ ಇದ್ದು ಇನ್ನೂ ಬಿಸಿ ಅಂದ್ರ ಈಗ ಗ್ಯಾಸ್. ಡ್ಯಾಶ್‌ಬೋರ್ಡ್ ಕಡೆ ಹೋಗೂ ಎರಡ್ ಪೈಪಿನಾಗ ದಪ್ಪಂದು ತಣ್ಣಗಿದ್ದು ಬೆವರಬೇಕು, ಸಣ್ಣದು ಬೆಚ್ಚಗಿರಬೇಕು, ಸಣ್ಣದಕ್ಕ ಒಮ್ಮಿಗೆ ಕೈ ಒತ್ತಬ್ಯಾಡ್ರಿ, ಚುರ್ ಅಂದೀತು. ಕಂಪ್ರೆಸರ್ ತಿರಗಿದ್ರೂ ಎರಡೂ ಒಂದ ಥರ ಇದ್ದಾವು ಅಂದ್ರ ಗ್ಯಾಸ್ ಕಡಿಮಿ ಐತಿ, ಇಲ್ಲಾ ಕಂಪ್ರೆಸರ್ ಒತ್ತಾಕತ್ತಿಲ್ಲ. ಲೀಕ್ ಹುಡುಕಾಕ ಜಾಯಿಂಟು, ಕಂಡೆನ್ಸರ್ ಮೂಲಿ ಎಲ್ಲಾ ಕಣ್ಣಿಟ್ಟು ನೋಡ್ರಿ, ಗ್ಯಾಸ್ ಜೋಡಿ ಎಣ್ಣಿನೂ ಹೊರಗ ಬರ್ತೈತಿ, ಅದಕ್ಕ ನಮ್ಮ ಧೂಳ ಅಂಟ್ಕೊಂಡು ಕರೀ ಕಲಿ ಕಾಣ್ತೈತಿ. ಟಿಪ್ಪರ್ ಹಿಂದ ಹೋಗುವಾಗ ಹಾರಿದ ಖಡಿ ಬಡದು ಕಂಡೆನ್ಸರ್ ತೂತು ಬೀಳೂದೂ ಉಂಟು.

ಗ್ಯಾಸ್ ನೀವ ತುಂಬಾಕ ಹೋಗಬ್ಯಾಡ್ರಿ, ಎಸಿ ಪೈಪಿನ ವಾಲ್ವಿನ ಪಿನ್ ಒತ್ತಿ ಗಾಳಿಗೆ ಬಿಡಾಕನೂ ಹೋಗಬ್ಯಾಡ್ರಿ. ಭಾಳ ಕಾರಿನ ಎಸಿಯಾಗ ಇರೂ ಆರ್-134ಎ ಮೈನಸ್ 26 ಡಿಗ್ರಿಗೆ ಕುದಿಯೂ ಗ್ಯಾಸ್, ಕೈಗೆ ಕಣ್ಣಿಗೆ ಬಿದ್ರ ಸುಟ್ಟಂಗ ಗಾಯ ಆಗ್ತೈತಿ. ಆದ್ರ ಮಾಡಿಸುವಾಗ ಹತ್ರ ನಿಂದರ್ರಿ. ಮೀಟರ್ ಹಚ್ಚಿ "ಪ್ರೆಶರ್ ಐತಿ, ಗ್ಯಾಸ್ ಫುಲ್ ಐತಿ" ಅಂದ್ರ ನಂಬಬ್ಯಾಡ್ರಿ, ಗಾಡಿ ಬಂದ್ ಇದ್ದಾಗ ಒಳಗ 200 ಗ್ರಾಂ ಇದ್ರೂ 400 ಗ್ರಾಂ ಇದ್ರೂ 40 ಡಿಗ್ರಿ ಬಿಸಲಾಗ ಮೀಟರ್ ಸುಮಾರು 130 ಪಿಎಸ್ಐನ ತೋರಿಸ್ತೈತಿ, ಯಾಕಂದ್ರ ಆ ಪ್ರೆಶರ್ ಬಿಸಿ ಮ್ಯಾಲ ನಿಂತಿರ್ತೈತಿ, ತೂಕದ ಮ್ಯಾಲ ಅಲ್ಲ. ಇದ್ದದ್ದನ್ನ ಮಷಿನ್‌ನಾಗ ವಾಪಸ್ ಎಳದು, ನೈಟ್ರೋಜನ್ ತುಂಬಿ ಸೋಪಿನ ನೊರಿ ಹಚ್ಚಿ ಲೀಕ್ ನೋಡಿ, ರಿಪೇರಿ ಮಾಡಿ, ಅರ್ಧ ತಾಸರ ವ್ಯಾಕ್ಯೂಮ್ ಎಳದು, ಅದು ನಿಂದರ್ತೈತೇನು ನೋಡಿ, ಆಮ್ಯಾಲ ತೂಕ ಮಾಡಿ ಹಾಕಬೇಕು. ಎಷ್ಟು ಗ್ರಾಂ ಅನ್ನೂದು ಬಾನೆಟ್ ಒಳಗಿನ ಸ್ಟಿಕರ್ ಮ್ಯಾಲ ಬರದಿರ್ತೈತಿ, ಸಣ್ಣ ಕಾರಿಗೆ 350 ರಿಂದ 500 ರ ಆಸುಪಾಸು, ಯಾವ ಗ್ಯಾಸ್ ಅನ್ನೂದೂ ಅಲ್ಲೇ ಇರ್ತೈತಿ, ಆರ್-134ಎನೋ ಆರ್-1234ವೈಎಫ್ಫೋ, ಒಂದರ ಬದಲಿ ಇನ್ನೊಂದು ಹಾಕಿಸಬ್ಯಾಡ್ರಿ. ಅಗ್ಗ ಅಂತ ಅಡಗಿ ಸಿಲಿಂಡರಿನ ಗ್ಯಾಸಿನಂಥಾದ್ದು ಹಾಕ್ತೀವಿ ಅಂದ್ರ ಅಲ್ಲಿಂದ ಗಾಡಿ ತಿರವ್ರಿ, ಅದು ಬೆಂಕಿ ಹಿಡೀತೈತಿ, ಹಿಂದ ಮಕ್ಕಳು ಕುಂತಿರ್ತಾವು.

ರೊಕ್ಕ ಕೊಡೂಕಿಂತ ಮೊದಲ ಗಾಡಿ ನೆರಳಿಗಲ್ಲ ಬಿಸಲಿಗೆ ನಿಂದರ್ಸಿ, ಒಳಗಿನ ಗಾಳಿ ತಿರುಗೂ ಬಟನ್ ಹಾಕಿ, ಕಾಜು ಏರಿಸಿ ಹದಿನೈದ್ ನಿಮಿಷ ಚಾಲೂ ಇಡ್ರಿ, ನಡುವಿನ ವೆಂಟ್‌ನಾಗ ಒಂದ್ ಥರ್ಮಾಮೀಟರ್ ಸಿಗಸ್ರಿ. ಆಕ್ಸಲೇಟರ್ ಕೊಟ್ಟಾಗ ಅಷ್ಟ ಅಲ್ಲ, ಬರೀ ನಿಂತಾಗನೂ ಮುಳ್ಳು ಕೆಳಗ ನಿಂತಿರಬೇಕು. ನಿಂತಾಗ ಮ್ಯಾಲ ಏರಾಕತ್ತಿತು ಅಂದ್ರ ಬಿಲ್ ಕೊಡಬ್ಯಾಡ್ರಿ, ಬಾನೆಟ್ ತಗಸಿ ಫ್ಯಾನ್ ತೋರಸ್ರಿ ಅನ್ರಿ.