ಸಮುದ್ರದ ನೀರು ಬೇಡ: ಬ್ಯಾಟರಿಯಿಂದ ಹೈಡ್ರೋಜನ್ ತೆಗೆಯುವುದು ಹೀಗೆ

ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಅಂದರೆ ಸಾಕು, ಕಾರವಾರದ ಮಕ್ಕಳಿಗೆ ಟಾಗೋರ್ ಕಡಲತೀರ ನೆನಪಾಗುತ್ತದೆ. ಬಾಟಲಿ ತುಂಬ ಸಮುದ್ರದ ನೀರು, ಅದಕ್ಕೆ ಬ್ಯಾಟರಿ ತಂತಿ. ಗುಳ್ಳೆಯೇನೋ ಭರ್ಜರಿಯಾಗಿ ಬರುತ್ತದೆ. ಮೈನಸ್ ಕಡೆ ಹೈಡ್ರೋಜನ್ ಸರಿ, ಪ್ಲಸ್ ಕಡೆ ಮಾತ್ರ ಕ್ಲೋರಿನ್ ಏಳುತ್ತದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗಿನಂಥ ವಾಸನೆ, ಕಣ್ಣುರಿ, ಕೆಮ್ಮು. ಸಾಣಿಕಟ್ಟೆ ಉಪ್ಪು ಕರಗಿಸಿದರೂ ಅದೇ ಗತಿ.

ಬರೀ ನೀರಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಉಪ್ಪಿನ ಬದಲು ಅರ್ಧ ಲೀಟರ್ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ. ಆಗ ಪ್ಲಸ್ ಕಡೆ ಕ್ಲೋರಿನ್ ಅಲ್ಲ, ಆಕ್ಸಿಜನ್ ಬರುತ್ತದೆ.

ಐಸ್‌ಕ್ರೀಮ್ ಡಬ್ಬಿಯ ತಳಕ್ಕೆ ಎರಡು ತೂತು ಮಾಡಿ. ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ ತುಂಡುಗಳನ್ನು ತೂರಿಸಿ, ಸುತ್ತ ಎಂ-ಸೀಲ್ ಮೆತ್ತಿ, ಗಟ್ಟಿಯಾದ ಮೇಲೆ ಇಟ್ಟಿಗೆಗಳ ಮೇಲಿಡಿ. ತಾಮ್ರದ ತಂತಿಯನ್ನೇ ನೀರಿಗೆ ಬಿಟ್ಟರೆ ಪ್ಲಸ್ ತುದಿ ಸವೆದು ನೀರು ಹಸಿರಾಗುತ್ತದೆ. ಸ್ಟೀಲ್ ಚಮಚವಂತೂ ಬೇಡವೇ ಬೇಡ, ಅದರಿಂದ ಕ್ರೋಮಿಯಂ ವಿಷ ಬಿಡಬಹುದು.

ಎಲ್ಲರೂ ಎಡವುವುದು ಟೆಸ್ಟ್ ಟ್ಯೂಬ್ ಬೋರಲು ಹಾಕುವಾಗ. ಡಬ್ಬಿಯಲ್ಲಿ ವಾಷಿಂಗ್ ಸೋಡಾ ನೀರು ಇರಲಿ. ಟ್ಯೂಬಿಗೂ ಅದೇ ನೀರನ್ನು ಕಂಠಪೂರ್ತಿ ತುಂಬಿ. ಬಾಯಿಗೆ ಹೆಬ್ಬೆರಳು ಒತ್ತಿ, ತಿರುಗಿಸಿ, ನೀರೊಳಗೆ ಹೋದ ಮೇಲಷ್ಟೇ ಬೆರಳು ತೆಗೆಯಿರಿ. ಮೇಲೆ ಸಣ್ಣ ಗಾಳಿಗುಳ್ಳೆ ಕಂಡರೂ ಮತ್ತೆ ತುಂಬಿ, ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ಒಂದೊಂದು ಪೆನ್ಸಿಲ್ ಮೊನೆಯ ಮೇಲೆ ಒಂದೊಂದು ಟ್ಯೂಬ್ ಇಳಿಸಿ, ಆದರೆ ಬಾಯಿ ಡಬ್ಬಿಯ ತಳಕ್ಕೆ ಅಂಟಬಾರದು. ಅಂಟಿದರೆ ಕರೆಂಟ್ ಹರಿಯಲು ದಾರಿಯಿಲ್ಲ, ಒಳಗಿನ ನೀರು ಹೊರಬರಲೂ ದಾರಿಯಿಲ್ಲ. ಒಂದು ಬೆರಳಿನಷ್ಟು ಸಂದು ಬಿಟ್ಟು, ಟ್ಯೂಬನ್ನು ಸ್ಟ್ಯಾಂಡಿಗೆ ಕಟ್ಟಿ. ಕೈಯಲ್ಲೇ ಹಿಡಿದು ನಿಂತರೆ ಅಲುಗಾಡುತ್ತದೆ, ಬೇಸರವೂ ಬರುತ್ತದೆ.

ಈಗ ಡಬ್ಬಿಯ ಕೆಳಗಿನ ಪೆನ್ಸಿಲ್ ಮೊನೆಗಳಿಗೆ ತಂತಿಯಿಂದ 9 ವೋಲ್ಟ್ ಬ್ಯಾಟರಿ ಜೋಡಿಸಿ. ಅಗ್ಗದ್ದು ಬೇಗ ಕುಸಿಯುತ್ತದೆ, ಆಲ್ಕಲೈನ್ ತಗೊಳ್ಳಿ. ಮನೆಯ ಪ್ಲಗ್ಗಿನ ಹತ್ತಿರ ಮಾತ್ರ ಸುಳಿಯಬೇಡಿ, ಜೀವ ಹೋದೀತು.

ಲೆಕ್ಕದ ಪ್ರಕಾರ ಆಕ್ಸಿಜನ್ನಿಗಿಂತ ಹೈಡ್ರೋಜನ್ ಎರಡು ಪಟ್ಟು ಬರಬೇಕು. ಆಕ್ಸಿಜನ್ ಕಡಿಮೆ ಕಂಡರೆ ಗಾಬರಿ ಬೇಡ. ಸ್ವಲ್ಪ ನೀರಲ್ಲೇ ಕರಗುತ್ತದೆ, ಸ್ವಲ್ಪ ಪೆನ್ಸಿಲ್ಲನ್ನು ತಿನ್ನುತ್ತದೆ. ನೀರು ಕಪ್ಪಗಾಗುವುದೂ ಅದಕ್ಕೇ.

ಪರೀಕ್ಷೆಗೆ ಬ್ಯಾಟರಿ ಬಿಚ್ಚಿ, ಕನ್ನಡಕ ಹಾಕಿ, ಹೈಡ್ರೋಜನ್ ಟ್ಯೂಬನ್ನು ಬಾಯಿ ಕೆಳಗಿರುವಂತೆಯೇ ಎತ್ತಿ. ಗಾಳಿಗಿಂತ ಸುಮಾರು 14 ಪಟ್ಟು ಹಗುರ, ತಿರುಗಿಸಿದರೆ ಹಾರಿಹೋಗುತ್ತದೆ. ಉರಿಯುವ ಕಡ್ಡಿ ಹಿಡಿದರೆ 'ಪಟ್' ಅನ್ನುತ್ತದೆ. ಎರಡೂ ಅನಿಲವನ್ನು ಒಂದೇ ಬಾಟಲಿಗೆ ತುಂಬಿ ಕಡ್ಡಿ ಗೀರುವ ಸಾಹಸ ಬೇಡ, ಗಾಜು ಸಿಡಿಯುತ್ತದೆ.