ಮೊದಲ ಪೀರಿಯಡ್ ಯಾರ ತಲೆಗೆ? ಟೈಮ್‌ಟೇಬಲ್ ಹಾಕಿದ ನನ್ನ ಅನುಭವ

ಟೈಮ್‌ಟೇಬಲ್ ಹಾಕುವುದು ಯಾರಿಗೂ ಬೇಡದ ಕೆಲಸ. ಸರಿಯಾಗಿ ಬಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಒಂದು ಪೀರಿಯಡ್ ಆಚೀಚೆ ಆದರೆ ಎಲ್ಲರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ. ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಇದು ನನ್ನ ಕೈಗೆ ಬಂದು ಹಲವು ಸೆಮಿಸ್ಟರ್ ಆಯಿತು. ಒಂದೇ ಹೊತ್ತಿಗೆ ಎರಡು ಕ್ಲಾಸ್ ಡಿಕ್ಕಿಯಾಗುವ ಕ್ಲ್ಯಾಶ್ ಇಲ್ಲದಂತೆ ಹಾಕುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಅದರ ಮುಂದಿನ ಮಾತು. ಕ್ಲ್ಯಾಶ್ ಇಲ್ಲ, ಸರಿ. ಆದರೆ ಕಷ್ಟದ ಪೀರಿಯಡ್‌ಗಳೆಲ್ಲ ಯಾರ ಪಾಲಿಗೆ ಬಂದವು?

ವಾರಕ್ಕೆ 5 ದಿನ, ದಿನಕ್ಕೆ 7 ಪೀರಿಯಡ್ ಅಂದರೆ ಒಂದು ಕೋಣೆಗೆ ಸಿಗುವುದು 35 ಜಾಗ. ಕೇಳಲು ಸಲೀಸು. ಆದರೆ ಮೇಷ್ಟ್ರು, ಸೆಕ್ಷನ್, ಕೋಣೆ, ಲ್ಯಾಬ್ ಎಲ್ಲ ಒಟ್ಟಿಗೆ ಕೂರಬೇಕು ಅಂದಾಗ ಲೆಕ್ಕ ಕೈಮೀರುತ್ತದೆ. ಟೈಮ್‌ಟೇಬಲ್ ಸಮಸ್ಯೆ ಕಂಪ್ಯೂಟರ್ ವಿಜ್ಞಾನದಲ್ಲಿ ಎನ್‌ಪಿ-ಕಂಪ್ಲೀಟ್ ಅನ್ನುವ, ಎಲ್ಲಾ ಸಂದರ್ಭಕ್ಕೂ ಬೇಗ ಬಿಡಿಸುವ ದಾರಿ ಇನ್ನೂ ಯಾರಿಗೂ ಸಿಗದ, ಕಠಿಣ ಗುಂಪಿಗೆ ಸೇರಿದ್ದು ಅಂತ ಈವನ್, ಇಟಾಯ್ ಮತ್ತು ಶಮೀರ್ 1976ರಲ್ಲೇ ಸಾಧಿಸಿ ತೋರಿಸಿದ್ದಾರೆ. ಇದು ಗೊತ್ತಾದ ಮೇಲೆ ನನಗೆ ಒಂಥರಾ ಸಮಾಧಾನ ಆಯಿತು. ಎಲ್ಲಕ್ಕಿಂತ ಒಳ್ಳೆಯ ಟೈಮ್‌ಟೇಬಲ್‌ಗಾಗಿ ನಾನು ಹುಡುಕುವುದಿಲ್ಲ. ಯಾರಿಗೂ ವಿಪರೀತ ಅನ್ಯಾಯ ಆಗದ ಒಂದು ಸಿಕ್ಕರೆ ಸಾಕು.

ನಾನು ಮೊದಲು ಬದಲಾಯಿಸಿದ್ದು ಮೇಷ್ಟ್ರುಗಳ ಹತ್ತಿರ ಕೇಳುವ ರೀತಿಯನ್ನು. "ನಿಮಗೆ ಯಾವ ಸಮಯ ಬೇಕು?" ಅಂತ ಸುಮ್ನೆ ಕೇಳಿದರೆ, ಧೈರ್ಯ ಇದ್ದವರು ಅರ್ಧ ವಾರ ಬಾಚಿಕೊಳ್ಳುತ್ತಾರೆ. ಸಂಕೋಚದವರು "ಯಾವುದಾದರೂ ಆಗುತ್ತೆ" ಅಂತ ಬರೆಯುತ್ತಾರೆ. ಹಾಗಾಗಿ ಫಾರ್ಮ್‌ನಲ್ಲಿ ಎರಡು ಕಾಲಂ ಮಾಡಿದೆ. ಒಂದು "ಆಗುವುದೇ ಇಲ್ಲ", ಇನ್ನೊಂದು "ತಪ್ಪಿದರೆ ಒಳ್ಳೆಯದು". ಮೊದಲನೆಯದಕ್ಕೆ ಕಾರಣ ಬೇಕು: ಮಗುವನ್ನು ಶಾಲೆಗೆ ಬಿಡಬೇಕು, ಚಿಕಿತ್ಸೆ ನಡೆಯುತ್ತಿದೆ, ಬೇರೆ ಕಡೆಯೂ ಪಾಠ ಇದೆ. ಆ ಕಾರಣ ವಿಭಾಗದ ಮುಖ್ಯಸ್ಥರಿಗೆ ಮಾತ್ರ. ನನಗೆ ಅವರ ಸಹಿ ಬಂದರೆ ಸಾಕು. ಎರಡನೆಯ ಕಾಲಂಗೆ ಎಲ್ಲರಿಗೂ 10 ಅಂಕ, ಹಿರಿಯರಿಗೂ ಅಷ್ಟೇ, ಹೊಸಬರಿಗೂ ಅಷ್ಟೇ. ಒಂದು ಪೀರಿಯಡ್ ಎಷ್ಟು ಬೇಡವೋ ಅದರ ಮೇಲೆ ಅಷ್ಟು ಅಂಕ. ಎಲ್ಲಾ ಅಂಕ ಒಂದೇ ಪೀರಿಯಡ್ ಮೇಲೆ ಹಾಕಿ ಅಥವಾ ಹಂಚಿ ಹಾಕಿ, ಅದು ಅವರಿಗೆ ಬಿಟ್ಟದ್ದು.

ಒಬ್ಬ ಹಿರಿಯ ಪ್ರೊಫೆಸರ್ ಮೊದಲ ಪೀರಿಯಡ್‌ಗಳನ್ನೆಲ್ಲ "ಆಗುವುದೇ ಇಲ್ಲ" ಕಾಲಂಗೆ ತುಂಬಿ ಕಳಿಸಿದ್ದರು. ಹೋಗಿ ಕೇಳಿದೆ.

"ಸರ್, ಬರೋಕೆ ಆಗಲ್ವಾ, ಇಷ್ಟ ಇಲ್ವಾ?"

ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ನಕ್ಕು, "ಇಷ್ಟ ಇಲ್ಲ ಅಂತಲೇ ಬರ್ಕೊಳ್ಳಪ್ಪ" ಅಂದರು. ಅವರ 10 ಅಂಕವೂ ವಾರದ ಮೊದಲ ದಿನದ ಬೆಳಗಿಗೇ ಹೋಯಿತು. ಉಳಿದ ಬೆಳಗುಗಳಲ್ಲಿ ಅವರ ಪಾಲು ಅವರಿಗೆ ಬಂತು, ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅತಿಥಿ ಉಪನ್ಯಾಸಕರ ವಿಷಯದಲ್ಲಿ ಮಾತ್ರ ಫಾರ್ಮ್ ನಂಬಿ ಕೂರಬಾರದು. ಕೇಳಿದರೆ ಮುಂದಿನ ಸಲ ಕರೆಯದೇ ಹೋದಾರು ಅನ್ನುವ ಅಳುಕು ಅವರಿಗಿರುತ್ತದೆ. ಅವರ ಜೊತೆ ಕೂತು ನಾನೇ ಫಾರ್ಮ್ ತುಂಬಿಸುತ್ತೇನೆ. ಅವರಿಗೆ ಬೇಕಿರುವುದು ಸಾಮಾನ್ಯವಾಗಿ ಒಂದೇ: ಒಂದು ಪೀರಿಯಡ್ ಪಾಠಕ್ಕಾಗಿ ಇಡೀ ದಿನ ಹಾಳಾಗಬಾರದು.

ಇನ್ನು ವಿದ್ಯಾರ್ಥಿಗಳು. ಇಲ್ಲಿ ಕೇಳುವುದಕ್ಕಿಂತ ಎಣಿಸುವುದು ಮುಖ್ಯ. ವಿದ್ಯಾರ್ಥಿಗಳೇ ಆರಿಸಿಕೊಳ್ಳುವ ಎಲೆಕ್ಟಿವ್ ವಿಷಯಗಳು 12 ಇದ್ದರೆ ಜೋಡಿಗಳು 66. ಪ್ರತಿ ಜೋಡಿಯನ್ನೂ ಎಷ್ಟು ಜನ ಒಟ್ಟಿಗೆ ತೆಗೆದುಕೊಂಡಿದ್ದಾರೆ ಅಂತ ನೋಂದಣಿ ಪಟ್ಟಿಯಿಂದ ಎಣಿಸಿ ಒಂದು ಕೋಷ್ಟಕ ಮಾಡಿಕೊಳ್ಳುತ್ತೇನೆ. ಸೊನ್ನೆ ಇರುವ ಜೋಡಿಗಳನ್ನು ಒಂದೇ ಹೊತ್ತಿಗೆ ಹಾಕಬಹುದು. 40 ಇರುವ ಜೋಡಿಯನ್ನು ಯಾರೂ ಹಾಗೆ ಹಾಕುವುದಿಲ್ಲ. ತೊಂದರೆ ಇರುವುದು 1 ಅಥವಾ 2 ಅಂತ ಇರುವ ಕಡೆ. ಆ ಒಬ್ಬರು ಯಾರು ಅಂತ ಹುಡುಕಿದರೆ, ಬಹಳ ಸಲ ಹಿಂದಿನ ವರ್ಷದ ವಿಷಯ ಬಾಕಿ ಇಟ್ಟುಕೊಂಡು ಮತ್ತೆ ಕೂರುತ್ತಿರುವವರು. ಅವರು ಯಾವ ಸೆಕ್ಷನ್‌ಗೂ ಪೂರ್ತಿ ಸೇರಿದವರಲ್ಲ. ಸೆಕ್ಷನ್ ಲೆಕ್ಕದಲ್ಲಿ ಟೈಮ್‌ಟೇಬಲ್ ಹಾಕಿದರೆ ಅವರು ಕಾಣುವುದೇ ಇಲ್ಲ. ಪಾಸಾಗಲು ಕ್ಲಾಸಿಗೆ ಬರಲೇಬೇಕಾದವರಿಗೇ ಕ್ಲಾಸಿಗೆ ಬರಲು ದಾರಿ ಇರುವುದಿಲ್ಲ! ಅವರನ್ನು ನಾನು ಒಂದು ಬೇರೆ ಸೆಕ್ಷನ್ ಅಂತಲೇ ಲೆಕ್ಕಕ್ಕೆ ಹಿಡಿಯುತ್ತೇನೆ.

ವಿದ್ಯಾರ್ಥಿಗಳಿಗೆ ಕೆಟ್ಟ ದಿನ ಅಂದರೆ ಯಾವುದು? 2002-03ರಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಟೈಮ್‌ಟೇಬಲ್ ಸ್ಪರ್ಧೆಯಲ್ಲಿ ಮೂರು ಸಂಗತಿಗಳಿಗೆ ದಂಡದ ಅಂಕ, ಅಂದರೆ ಕಡಿಮೆ ಇದ್ದಷ್ಟೂ ಒಳ್ಳೆಯದಾದ ಅಂಕ, ಇಟ್ಟಿದ್ದರು: ದಿನದ ಕೊನೆಯ ಪೀರಿಯಡ್, ಎರಡಕ್ಕಿಂತ ಜಾಸ್ತಿ ಕ್ಲಾಸ್ ಸಾಲಾಗಿ ಬರುವುದು, ಇಡೀ ದಿನಕ್ಕೆ ಒಂದೇ ಕ್ಲಾಸ್ ಇರುವುದು. ಮೊದಲನೆಯದೂ ಮೂರನೆಯದೂ ಒಪ್ಪಿದೆ. ಎರಡನೆಯದನ್ನು ಕೈಬಿಟ್ಟೆ. ನಮ್ಮ ವಿದ್ಯಾರ್ಥಿಗಳ ಹತ್ತಿರ ಮಾತಾಡಿದಾಗ, ಸಾಲಾಗಿ ಮೂರು ಕ್ಲಾಸ್ ಇದ್ದರೂ ಪರವಾಗಿಲ್ಲ, ಮಧ್ಯೆ ಮೂರು ಪೀರಿಯಡ್ ಖಾಲಿ ಇರುವುದು ಬೇಡ ಅಂದರು. ದೂರದಿಂದ ಬರುವವರು, ಓದುತ್ತಾ ಕೆಲಸಕ್ಕೂ ಹೋಗುವವರು ಅದನ್ನೇ ಹೇಳಿದರು. ಹಾಸ್ಟೆಲ್‌ನವರಿಗೆ ಬೆಳಗ್ಗೆ ತಡವಾಗಿ ಶುರುವಾದರೆ ಖುಷಿ. ಎರಡೂ ಒಟ್ಟಿಗೆ ಆಗುವುದಿಲ್ಲ. ನಾನು ದೂರದವರ ಪರ ನಿಂತೆ. ನಿದ್ದೆ ಹೋದರೆ ಬೈದುಕೊಂಡಾದರೂ ಬರುತ್ತಾರೆ, ಕೆಲಸ ಹೋದರೆ ಓದೇ ನಿಲ್ಲುತ್ತದೆ.

ಜೋಡಿಸುವ ಕ್ರಮದಲ್ಲಿ ದೊಡ್ಡ ಗುಟ್ಟೇನಿಲ್ಲ. ಎಲ್ಲಿ ಬೇಕಾದರೂ ಕೂರುವುದನ್ನು ಕೊನೆಗೆ ಇಡಿ, ಎಲ್ಲೂ ಕೂರದ್ದನ್ನು ಮೊದಲು ಇಡಿ. ಮೂರು ಪೀರಿಯಡ್ ಒಟ್ಟಿಗೆ ಬೇಕಾದ ಲ್ಯಾಬ್, ದೊಡ್ಡ ಹಾಲ್ ಬಿಟ್ಟರೆ ಹಿಡಿಸದ ಕ್ಲಾಸ್, ವಾರಕ್ಕೆ ಎರಡೇ ದಿನ ಬರುವ ಉಪನ್ಯಾಸಕರು, ಆಮೇಲೆ ಎಲೆಕ್ಟಿವ್, ಆಮೇಲೆ ಉಳಿದದ್ದು. ಹೆಚ್ಚು ಡಿಕ್ಕಿ ಇರುವುದಕ್ಕೆ ಮೊದಲ ಜಾಗ ಅನ್ನುವ ಈ ಉಪಾಯವನ್ನು ವೆಲ್ಷ್ ಮತ್ತು ಪೊವೆಲ್ 1967ರಲ್ಲೇ ಗ್ರಾಫ್‌ಗೆ ಬಣ್ಣ ಹಚ್ಚುವ ಲೆಕ್ಕವಾಗಿ, ಅಂದರೆ ಗೆರೆಯಿಂದ ಸೇರಿದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬಾರದಂತೆ ಹಚ್ಚುವ ಲೆಕ್ಕವಾಗಿ, ಬರೆದಿದ್ದಾರೆ.

ಈಗ ಕೈಯಲ್ಲಿ ಮಾಡಬೇಕಾಗಿಲ್ಲ. ಎಫ್‌ಇಟಿ, ಯುನಿಟೈಮ್ ಅನ್ನುವ ಓಪನ್ ಸೋರ್ಸ್ ತಂತ್ರಾಂಶಗಳಿವೆ. ಮುರಿಯಲೇಬಾರದ ನಿಯಮಗಳನ್ನೂ, ಆದಷ್ಟು ಪಾಲಿಸಬೇಕಾದವನ್ನೂ ಬೇರೆ ಬೇರೆಯಾಗಿ ಕೊಡಬಹುದು. ಆದರೆ ಯಾವ ತಂತ್ರಾಂಶವಾದರೂ ಬರೀ ಒಟ್ಟು ದಂಡದ ಅಂಕ ಕಡಿಮೆ ಮಾಡಲು ಹೊರಟರೆ ಏನಾಗುತ್ತದೆ ನೋಡಿ. ಹತ್ತು ಮೇಷ್ಟ್ರಿಗೆ ತಲಾ 1 ಅಂಕದ ತೊಂದರೆ ಇರುವ ಟೈಮ್‌ಟೇಬಲ್‌ಗೆ ಒಟ್ಟು 10. ಒಂಬತ್ತು ಜನ ಆರಾಮಾಗಿದ್ದು ಒಬ್ಬರ ಮೇಲೆ 9 ಅಂಕದ ತೊಂದರೆ ಬಿದ್ದ ಟೈಮ್‌ಟೇಬಲ್‌ಗೆ ಒಟ್ಟು 9. ಎರಡನೆಯದೇ ಗೆಲ್ಲುತ್ತದೆ! ಆ ಒಬ್ಬರು ಯಾರು ಅಂತ ಯಂತ್ರ ಕೇಳುವುದಿಲ್ಲ. ಅದಕ್ಕೆ ಕೊನೆಯ ಹೋಲಿಕೆಯನ್ನು ನಾನೇ ಸ್ಪ್ರೆಡ್‌ಶೀಟ್‌ನಲ್ಲಿ ಮಾಡುತ್ತೇನೆ. ಪ್ರತಿಯೊಬ್ಬರ ಅಂಕವನ್ನು ಅದರಿಂದಲೇ ಗುಣಿಸಿ ಆಮೇಲೆ ಕೂಡುತ್ತೇನೆ. ಆಗ ಮೊದಲನೆಯದು 10ರಲ್ಲೇ ಉಳಿಯುತ್ತದೆ, ಎರಡನೆಯದು 81ಕ್ಕೆ ಏರುತ್ತದೆ. ಸೆಕ್ಷನ್‌ಗಳಿಗೂ ಇದೇ ಲೆಕ್ಕ.

ಇಷ್ಟಾದರೂ ಯಾರಿಗಾದರೂ ಸ್ವಲ್ಪ ಜಾಸ್ತಿ ಬಂದೇ ಬರುತ್ತದೆ. ಅದಕ್ಕೊಂದು ಖಾತೆ ಇಟ್ಟಿದ್ದೇನೆ. ಮೊದಲ ಪೀರಿಯಡ್ ಎಷ್ಟು, ಕೊನೆಯದು ಎಷ್ಟು, ಸಂಜೆ ಕೊನೆಯದು ಮುಗಿಸಿ ಮರುದಿನ ಬೆಳಗ್ಗೆ ಮೊದಲನೆಯದಕ್ಕೇ ಬರಬೇಕಾದದ್ದು ಎಷ್ಟು, ಮಧ್ಯದ ದೊಡ್ಡ ಬಿಡುವು ಎಷ್ಟು. ಈ ಸೆಮಿಸ್ಟರ್‌ನಲ್ಲಿ ಜಾಸ್ತಿ ಹೊತ್ತವರಿಗೆ ಮುಂದಿನ ಸಲ ಫಾರ್ಮ್‌ನಲ್ಲಿ 10ರ ಬದಲು 13 ಅಂಕ. ಇದು ಬಂದ ಮೇಲೆ ಜಗಳ ನಿಂತಿತು ಅನ್ನಲಾರೆ. ಆದರೆ "ಯಾವಾಗಲೂ ನನಗೇ ಬರುತ್ತೆ" ಅಂತ ಯಾರಾದರೂ ಬಂದರೆ ಇಬ್ಬರೂ ಒಟ್ಟಿಗೆ ಹಾಳೆ ನೋಡುತ್ತೇವೆ. ಕೆಲವು ಸಲ ಅವರು ಹೇಳಿದ್ದು ನಿಜವೇ ಇರುತ್ತದೆ.

ಕರಡು ಹಾಕುವಾಗ ಈ ಎಣಿಕೆಗಳನ್ನೂ ಪಕ್ಕದಲ್ಲೇ ಹಾಕುತ್ತೇನೆ, ಕಾರಣಗಳನ್ನು ಮಾತ್ರ ಹಾಕುವುದಿಲ್ಲ. ಒಂದು ವಾರ ಆಕ್ಷೇಪಣೆಗೆ ಅವಕಾಶ. ಅಂತಿಮ ಪಟ್ಟಿ ಬಂದ ಮೇಲೆ ಬದಲಾವಣೆ ಬೇಕು ಅಂದರೆ ಎರಡು ಷರತ್ತು: ಇಬ್ಬರು ಮೇಷ್ಟ್ರೂ ಒಪ್ಪಬೇಕು, ಯಾವ ಸೆಕ್ಷನ್‌ನ ದಂಡದ ಅಂಕವೂ ಹೆಚ್ಚಬಾರದು. ಮೊದಲನೆಯ ಷರತ್ತು ಕಾರಿಡಾರ್‌ನಲ್ಲಿ ನಿಂತು ಮಾತಾಡಿದರೆ ಮುಗಿಯುತ್ತದೆ. ಎರಡನೆಯದರಲ್ಲೇ ಬಹಳಷ್ಟು ಅರ್ಜಿಗಳು ಬಿದ್ದುಹೋಗುತ್ತವೆ.