ಹಳೆಯ ಸ್ಪೋರ್ಟ್ ಬೋಟಿಗೆ ಬದಲಿ ಎಂಜಿನ್ ಆರಿಸುವುದು ಹೇಗೆ?

ಅಮೆರಿಕ, ಕೆನಡಾದ ಸರೋವರಗಳಲ್ಲಿ ಈಗಲೂ ಓಡುತ್ತಿರುವ 1980–90ರ ದಶಕದ ಸ್ಪೋರ್ಟ್ ಬೋಟುಗಳಲ್ಲಿ ಸ್ಟರ್ನ್‌ಡ್ರೈವ್‌ನವೇ ಬಹಳ. ಎಂಜಿನ್ ಬೋಟಿನೊಳಗೆ ಹಿಂಗೋಡೆಗೆ ಒತ್ತಿಕೊಂಡಿರುತ್ತದೆ, ಗೇರು ಮತ್ತು ಪ್ರೊಪೆಲರ್ ಇರುವ ಡ್ರೈವ್ ಹೊರಗೆ ನೇತಾಡುತ್ತದೆ. ಮೇಲಿನ ಸ್ಟಿಕ್ಕರ್ ಮರ್ಕ್ರೂಸರ್, ಓಎಂಸಿ, ವೋಲ್ವೋ ಪೆಂಟಾ ಏನೇ ಹೇಳಲಿ, ಒಳಗಿನ ಕಬ್ಬಿಣ ಹೆಚ್ಚಾಗಿ ಜನರಲ್ ಮೋಟರ್ಸ್‌ನದು: 3.0 ಲೀಟರಿನ ನಾಲ್ಕು ಸಿಲಿಂಡರ್, 4.3ರ ವಿ6, 5.0 ಅಥವಾ 5.7ರ ವಿ8. ಹಾಗಾಗಿ ಬದಲಿ ಎಂಜಿನ್ ಸಿಗುವುದೇನೂ ಕಷ್ಟವಲ್ಲ. ಸಿಕ್ಕಿದ್ದು ನಿಮ್ಮ ಬೋಟಿಗೆ ಕೂರುತ್ತದೆಯೇ, ಕೂತ ಮೇಲೆ ಬಾಳುತ್ತದೆಯೇ ಎಂಬುದೇ ಪ್ರಶ್ನೆ. ಅದನ್ನು ತೀರ್ಮಾನಿಸುವುದು ಎಚ್‌ಪಿ ಅಲ್ಲ. ಹಳೆಯ ಎಂಜಿನ್ ಸತ್ತ ಕಾರಣ, ಕೆಳಗಿನ ಮರದ ಸ್ಥಿತಿ, ಹಿಂದಿರುವ ಡ್ರೈವ್, ಈ ಮೂರನ್ನು ಇದೇ ಕ್ರಮದಲ್ಲಿ ನೋಡಬೇಕು. ಇಲ್ಲಿ ಮುಖ್ಯವಾಗಿ ಮರ್ಕ್ರೂಸರ್ ಆಲ್ಫಾ ಒನ್ ಡ್ರೈವ್ ಇರುವ ಬೋಟನ್ನು ಇಟ್ಟುಕೊಂಡು ಹೇಳಿದ್ದೇವೆ. ಎಲ್ಲಕ್ಕಿಂತ ಹೆಚ್ಚು ಸಿಗುವುದು ಅದೇ.

ಹಳೆಯದು ಸತ್ತದ್ದು ಯಾಕೆ?

ಮೊದಲು ಅದು ನಿಜವಾಗಿ ಸತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಎಂಜಿನ್ ಬಿಸಿಯಿರುವಾಗ ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಇಗ್ನಿಷನ್ ಬಿಚ್ಚಿಟ್ಟು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಅಳೆಯಿರಿ. ಯಾವ ಸಿಲಿಂಡರೂ 100 ಪಿಎಸ್‌ಐಗಿಂತ ಕೆಳಗಿರಬಾರದು. ಅತಿ ಕಡಿಮೆ ಬಂದದ್ದು ಅತಿ ಹೆಚ್ಚು ಬಂದದ್ದರ ಶೇ. 70ಕ್ಕಿಂತ ಕಡಿಮೆಯಾಗಬಾರದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕುಸಿದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು, ಅದಕ್ಕೆ ಎಂಜಿನ್ನನ್ನೇ ಬದಲಿಸಬೇಕಾಗಿಲ್ಲ. ಎಲ್ಲವೂ ಸರಿಯಿದ್ದೂ ಬೋಟು ಎಳೆಯುತ್ತಿಲ್ಲವಾದರೆ ತಪ್ಪು ಕಾರ್ಬ್ಯುರೇಟರ್‌ನಲ್ಲೋ ಇಗ್ನಿಷನ್‌ನಲ್ಲೋ ಪ್ರೊಪೆಲರ್‌ನಲ್ಲೋ ಇದೆ.

ಡಿಪ್‌ಸ್ಟಿಕ್ ಮೇಲೆ ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಚಳಿ ಪ್ರದೇಶದಲ್ಲಿ ಮೊದಲ ಶಂಕೆ ಹಿಮದ್ದು. ನೀರು ಖಾಲಿ ಮಾಡದೆ ಚಳಿಗಾಲ ಕಳೆದ ಬ್ಲಾಕು, ಒಳಗಿನ ನೀರು ಹೆಪ್ಪುಗಟ್ಟಿ ಸೀಳುತ್ತದೆ. ಬ್ಲಾಕಿನ ತೂತುಗಳನ್ನು ಮುಚ್ಚುವ ಕೋರ್ ಪ್ಲಗ್‌ಗಳು ಹೊರಗೆ ಹಾರಿ ಬ್ಲಾಕನ್ನು ಉಳಿಸುತ್ತವೆ ಎಂಬ ನಂಬಿಕೆ ಸುಳ್ಳು. ಸೀಳು ಸಾಮಾನ್ಯವಾಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಳಗೆ ಬ್ಲಾಕಿನ ಹೊರಮೈಯಲ್ಲಿ ಉದ್ದಕ್ಕೆ ಕಾಣುತ್ತದೆ, ಇಲ್ಲವೇ ಇನ್‌ಟೇಕ್ ಬಿಚ್ಚಿದಾಗ ವಾಲ್ವ್ ಎತ್ತುವ ಲಿಫ್ಟರ್‌ಗಳ ಕಣಿವೆಯಲ್ಲಿ. ಕಣ್ಣಿಗೆ ಕಾಣದಿದ್ದರೆ ನೀರಿನ ದಾರಿಗಳನ್ನೆಲ್ಲ ಮುಚ್ಚಿ 15 ಪಿಎಸ್‌ಐ ಗಾಳಿ ತುಂಬಿ ಗೇಜ್ ನೋಡಿ. ಮುಳ್ಳು ಇಳಿಯುತ್ತಿದ್ದರೆ ಹಿಸ್ಸ್ ಎನ್ನುವ ಜಾಗ ಹುಡುಕಿ.

ಹಿಮದ ಕಾಟ ಇಲ್ಲದ ಕಡೆ, ಅದರಲ್ಲೂ ಉಪ್ಪುನೀರಿನಲ್ಲಿ, ಎಂಜಿನ್ ಕೊಲ್ಲುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಅದರ ಮೇಲಿನ ರೈಸರ್. ಇವು ಎರಡು ಪದರದ ಎರಕದ ಕಬ್ಬಿಣ: ಒಳಗೆ ಹೊಗೆ, ಹೊರಗೆ ನೀರು. ನಡುವಿನ ಗೋಡೆ ತುಕ್ಕು ತಿಂದರೆ ನೀರು ವಾಲ್ವ್ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಉಪ್ಪುನೀರಿನಲ್ಲಿ ಇವುಗಳ ಆಯುಷ್ಯ ಐದಾರು ವರ್ಷ, ಸಿಹಿನೀರಿನಲ್ಲಿ ಅದರ ಹಲವು ಪಟ್ಟು. ಹಳೆಯ ಮ್ಯಾನಿಫೋಲ್ಡ್‌ಗಳನ್ನೇ ಹೊಸ ಎಂಜಿನ್ನಿಗೆ ಕಟ್ಟಿದರೆ ಅದೂ ಅದೇ ರೋಗಕ್ಕೆ ಬಲಿಯಾಗುತ್ತದೆ. ಲಾಂಗ್ ಬ್ಲಾಕ್ (ಹೊರಗಿನ ಸಾಮಾನಿಲ್ಲದೆ ಜೋಡಿಸಿ ಬರುವ ಎಂಜಿನ್) ಮಾರುವವರು ನೀರು ನುಗ್ಗಿ ಕೆಟ್ಟದ್ದಕ್ಕೆ ವಾರಂಟಿ ಕೊಡುವುದು ಅಪರೂಪ. ಅವುಗಳ ವಯಸ್ಸು ಗೊತ್ತಿಲ್ಲದಿದ್ದರೆ ಮ್ಯಾನಿಫೋಲ್ಡ್, ರೈಸರ್, ಗ್ಯಾಸ್ಕೆಟ್ ಮೂರನ್ನೂ ಎಂಜಿನ್ನಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಆರ್ಡರ್ ಕೊಡುವ ಮುಂಚೆ ಮರ

ಫೈಬರ್‌ಗ್ಲಾಸ್ ಬೋಟು ಎಂದರೂ ಆ ಕಾಲದ ಬೋಟುಗಳಲ್ಲಿ ಟ್ರಾನ್ಸಮ್ ಎನ್ನುವ ಹಿಂಗೋಡೆ, ಸ್ಟ್ರಿಂಗರ್ ಎನ್ನುವ ತಳದ ಉದ್ದ ತೊಲೆಗಳು ಒಳಗೆ ಪ್ಲೈವುಡ್. ಎಂಜಿನ್ನಿನ ಮುಂದಿನ ಕಾಲುಗಳು ಆ ತೊಲೆಗಳಿಗೆ ಕಚ್ಚಿದ ಲ್ಯಾಗ್ ಬೋಲ್ಟುಗಳ ಮೇಲೆ ನಿಂತಿರುತ್ತವೆ. ಅವನ್ನು ಸ್ಪ್ಯಾನರ್‌ನಿಂದ ಬಿಗಿ ಮಾಡಿ ನೋಡಿ. ಬಿಗಿಯಾಗದೆ ಸುಮ್ಮನೆ ತಿರುಗುತ್ತಿದ್ದರೆ ಮರ ಕೊಳೆತಿದೆ. ಅನುಮಾನವಿದ್ದರೆ ಒಳಭಾಗದ ತಗ್ಗಿನಲ್ಲಿ 3 ಮಿ.ಮೀ. ಡ್ರಿಲ್ ಹಾಕಿ. ಬರುವ ಹುಡಿ ಒಣಗಿ ತಿಳಿ ಬಣ್ಣದ್ದಾಗಿದ್ದರೆ ಸರಿ, ಕಪ್ಪಾಗಿ ಒದ್ದೆಯಾಗಿದ್ದರೆ ಕೆಲಸ ದೊಡ್ಡದು. ನೋಡಿದ ಮೇಲೆ ತೂತಿಗೆ ಎಪಾಕ್ಸಿ ತುಂಬಿ. ಟ್ರಾನ್ಸಮ್ಮಿಗೆ ಇನ್ನೊಂದು ಪರೀಕ್ಷೆಯಿದೆ: ಡ್ರೈವನ್ನು ಅರ್ಧ ಎತ್ತಿ ಒಬ್ಬರು ಅದರ ತುದಿಯನ್ನು ಒತ್ತುತ್ತಿರುವಾಗ ಇನ್ನೊಬ್ಬರು ಗೋಡೆ ಬಾಗುತ್ತದೆಯೇ ಎಂದು ನೋಡಬೇಕು. ಬಾಗಿದರೆ ಎಂಜಿನ್ ದುಡ್ಡನ್ನು ಸದ್ಯಕ್ಕೆ ಬ್ಯಾಂಕಿನಲ್ಲೇ ಬಿಡಿ. ಹೊಸದಾಗಿ ಕಟ್ಟಿಸುವುದಾದರೆ ಮರ್ಕ್ರೂಸರ್‌ಗೆ ಟ್ರಾನ್ಸಮ್ ದಪ್ಪ 51ರಿಂದ 57 ಮಿ.ಮೀ. ಒಳಗೇ ಬರಬೇಕು. ಗಟ್ಟಿಯಾಗಲಿ ಎಂದು ಇನ್ನೊಂದು ಪದರ ಸೇರಿಸಿದರೆ ಎಂಜಿನ್ ಮುಂದಕ್ಕೆ ಸರಿದು ಡ್ರೈವಿನ ಶಾಫ್ಟ್ ಸರಿಯಾಗಿ ಕಚ್ಚುವುದಿಲ್ಲ.

ಹಿಂದಿರುವುದು ಓಎಂಸಿ ಡ್ರೈವ್ ಆಗಿದ್ದರೆ ಇಲ್ಲೇ ಒಂದು ಕ್ಷಣ ನಿಲ್ಲಿ. ಓಎಂಸಿ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಅದರ ಕೋಬ್ರಾ ಡ್ರೈವ್ ತಯಾರಿಕೆ ಅದಕ್ಕೂ ಮುಂಚೆಯೇ ನಿಂತಿತ್ತು. ಎಂಜಿನ್ ಜಿಎಂನದಾದ್ದರಿಂದ ಸಿಗುತ್ತದೆ, ಡ್ರೈವಿನ ಒಳಭಾಗಗಳನ್ನು ಹುಡುಕಿ ಅಲೆಯಬೇಕು. ಬೇರೆ ಕಂಪನಿಯ ಡ್ರೈವಿಗೆ ಹೋಗುವುದೆಂದರೆ ಟ್ರಾನ್ಸಮ್ಮಿನ ತೂತು ಮುಚ್ಚಿ ಬೇರೆ ಆಕಾರಕ್ಕೆ ಕೊರೆಯಬೇಕು. ಡ್ರೈವ್ ಗಟ್ಟಿಯಾಗಿದ್ದರೆ ಮಾತ್ರ ಅಂಥ ಬೋಟಿಗೆ ಹೊಸ ಎಂಜಿನ್ ಹಾಕುವುದು ಲಾಭ.

ನಾಲ್ಕು ದಾರಿ

ಒಂದು, ಅದೇ ಅಳತೆಯ ಮರೀನ್ ಲಾಂಗ್ ಬ್ಲಾಕ್. ಬ್ಲಾಕು, ಕ್ರ್ಯಾಂಕು, ಪಿಸ್ಟನ್, ಕ್ಯಾಮ್, ಹೆಡ್ ಎಲ್ಲ ಜೋಡಿಸಿ ಬರುತ್ತದೆ. ಇನ್‌ಟೇಕ್, ಕಾರ್ಬ್ಯುರೇಟರ್, ಸ್ಟಾರ್ಟರ್, ಆಲ್ಟರ್ನೇಟರ್ ಹಳೆಯದರಿಂದ ಬಿಚ್ಚಿ ಹಾಕಬೇಕು. ಬಹಳ ಬೋಟುಗಳಿಗೆ ನಮ್ಮ ಸಲಹೆ ಇದೇ. ಎರಡು, ಎಲ್ಲ ಸೇರಿಸಿಕೊಂಡು ಬರುವ ಪೂರ್ತಿ ಎಂಜಿನ್. ಸುಲಭ, ಆದರೆ ಇದರ ಬೆಲೆ ಬೋಟಿನ ಬೆಲೆಯನ್ನೇ ದಾಟುವುದು ಮಾಮೂಲಿ. ಮೂರು, ಹಲ್ ಅಂದರೆ ಬೋಟಿನ ಒಡಲು ಹಾಳಾದ ಇನ್ನೊಂದು ಬೋಟನ್ನು ಪೂರ್ತಿ ಕೊಂಡು ಅದರ ಎಂಜಿನ್, ಡ್ರೈವ್, ಕೇಬಲ್, ವೈರಿಂಗ್ ಎಲ್ಲವನ್ನೂ ಇಳಿಸಿಕೊಳ್ಳುವುದು. ನೀರಿಗೆ ಇಳಿಸಿ ಓಡಿಸಿ ತೋರಿಸುತ್ತಾರೆಂದರೆ ಇದಕ್ಕಿಂತ ಅಗ್ಗದ ದಾರಿಯಿಲ್ಲ.

ನಾಲ್ಕನೆಯದು ಕಾರಿನ ಎಂಜಿನ್. ಬ್ಲಾಕು ಒಂದೇ, ಹಾಗಾಗಿ ಆಸೆ ಸಹಜ. ಆದರೆ ಕಾರಿನದರಲ್ಲಿ ಕೋರ್ ಪ್ಲಗ್ ಉಕ್ಕಿನದು, ಮರೀನ್‌ನಲ್ಲಿ ಹಿತ್ತಾಳೆಯದು. ಹೆಡ್ ಗ್ಯಾಸ್ಕೆಟ್ ತುಕ್ಕು ತಡೆಯುವುದಿಲ್ಲ. ಕ್ಯಾಮ್‌ಶಾಫ್ಟ್ ಬೇರೆ: ಇನ್‌ಟೇಕ್ ಎಕ್ಸಾಸ್ಟ್ ವಾಲ್ವ್‌ಗಳೆರಡೂ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಿರುವ ಕ್ಯಾಮ್, ಐಡಲ್‌ನಲ್ಲಿ ರೈಸರಿನ ನೀರನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಇವನ್ನೆಲ್ಲ ಬದಲಿಸಿದರೆ ಉಳಿತಾಯ ಕರಗಿಹೋಗುತ್ತದೆ. ಬ್ಲಾಕಿನ ಹೊರಗಿನ ಸಾಮಾನುಗಳನ್ನಂತೂ ಕಾರಿನಿಂದ ತರಲೇಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಬೋಟಿನ ತಳದಲ್ಲಿ ಕೂತು ಕಾಯುತ್ತದೆ. ಮರೀನ್ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್‌ಗಳನ್ನು ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂತೆ ಮಾಡಿರುತ್ತಾರೆ, ಮರೀನ್ ಕಾರ್ಬ್ಯುರೇಟರ್ ತುಂಬಿ ಹರಿದರೆ ಪೆಟ್ರೋಲ್ ಎಂಜಿನ್ ಒಳಕ್ಕೇ ಹೋಗುತ್ತದೆ. ಕಾರಿನ ಭಾಗಗಳಲ್ಲಿ ಇದಾವುದೂ ಇಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ನಿಯಮ ಇದನ್ನು ಕಡ್ಡಾಯ ಮಾಡಿರುವುದು ಬೋಟುಗಳು ಸಿಡಿದ ಅನುಭವದಿಂದಲೇ.

ಒಂದೇ 5.7, ಆದರೆ ಒಂದೇ ಅಲ್ಲ

ಹೆಚ್ಚು ದುಡ್ಡು ಪೋಲಾಗುವುದು ಇಲ್ಲಿ. 1985ರ 5.7ಕ್ಕೂ 1997ರ 5.7ಕ್ಕೂ ಹೆಸರು ಒಂದೇ, ಕೆಲವು ಮುಖ್ಯ ಭಾಗಗಳು ಅದಲುಬದಲಾಗುವುದಿಲ್ಲ.

ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ 1980ರ ದಶಕದ ನಡುವಿನ ತನಕ ಎರಡು ತುಂಡಿನದು, ಆಮೇಲಿನದು ಒಂದೇ ತುಂಡಿನದು. ಸೀಲ್ ಬದಲಾದಾಗ ಕ್ರ್ಯಾಂಕಿನ ಹಿಂತುದಿಯೂ ಬದಲಾಯಿತು: ಫ್ಲೈವೀಲ್ ಬೋಲ್ಟುಗಳ ವೃತ್ತ ಹಳೆಯದರಲ್ಲಿ 3.58 ಇಂಚು, ಹೊಸದರಲ್ಲಿ 3 ಇಂಚು. ಹಳೆಯ ಎಂಜಿನ್ನಿನ ಸಮತೋಲ ಪೂರ್ತಿ ಒಳಗೇ ಇರುತ್ತದೆ, ಹೊಸದರಲ್ಲಿ ಸ್ವಲ್ಪ ಭಾರವನ್ನು ಫ್ಲೈವೀಲ್ ಹೊರುತ್ತದೆ. ಆದ್ದರಿಂದ ಹೊಸ ಬ್ಲಾಕು ತಂದರೆ ಅದಕ್ಕೆ ಸೇರಿದ ಫ್ಲೈವೀಲೂ ಬೇಕು. ಹಳೆಯದಕ್ಕೇ ಹೊಸ ತೂತು ಕೊರೆಸಿ ಕೂರಿಸುವ ಜಾಣತನ ಮಾಡಿದರೆ ಎಂಜಿನ್ ನಡುಗಿ ಬೇರಿಂಗ್ ತಿಂದುಹಾಕುತ್ತದೆ.

1996ರಿಂದ ವೋರ್ಟೆಕ್ ಎಂಬ ಹೊಸ ಬಗೆಯ ಹೆಡ್ ಬಂತು. ಹಳೆಯ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ 12 ಬೋಲ್ಟು, ವೋರ್ಟೆಕ್‌ಗೆ 8. ಹಳೆಯದು ಇದರ ಮೇಲೆ ಕೂರುವುದೇ ಇಲ್ಲ. ವೋರ್ಟೆಕ್‌ನಲ್ಲಿ ಕಾರ್ಬ್ಯುರೇಟರ್ ಕೆಳಗೆ ಬಿಸಿ ಹೊಗೆ ಹಾಯುವ ದಾರಿಯಿಲ್ಲ, ಆ ಶಾಖವನ್ನು ನಂಬಿದ ಹಳೆಯ ಚೋಕ್ ಕೆಲಸ ಮಾಡುವುದಿಲ್ಲ. ಎಲೆಕ್ಟ್ರಿಕ್ ಚೋಕ್ ಹಾಕಬೇಕು. ಕೆಲವು ಹೊಸ ಬ್ಲಾಕುಗಳಲ್ಲಿ ಮೆಕ್ಯಾನಿಕಲ್ ಫ್ಯೂಯಲ್ ಪಂಪ್ ಕೂರಿಸುವ ಜಾಗವನ್ನು ಕೊರೆದಿರುವುದೇ ಇಲ್ಲ. ಆಗ ಮರೀನ್ ಎಲೆಕ್ಟ್ರಿಕ್ ಪಂಪ್ ಬೇಕು, ಜೊತೆಗೆ ಎಂಜಿನ್ ನಿಂತೊಡನೆ ಅದನ್ನೂ ನಿಲ್ಲಿಸುವ ಆಯಿಲ್ ಪ್ರೆಷರ್ ಸ್ವಿಚ್. ಫೋನಿನಲ್ಲಿ ಮಾತಾಡುವಾಗ ಮಾರುವವರನ್ನು ಈ ಮೂರು ಕೇಳಿ: ಹಿಂದಿನ ಸೀಲ್ ಯಾವುದು, ಇನ್‌ಟೇಕಿಗೆ ಎಷ್ಟು ಬೋಲ್ಟು, ಪಂಪಿಗೆ ಜಾಗವಿದೆಯೇ. ಉತ್ತರ ತಡವರಿಸಿದರೆ ಬೆಲ್‌ಹೌಸಿಂಗ್ ಹತ್ತಿರ ಬ್ಲಾಕಿನ ಹಿಂಭಾಗದಲ್ಲಿರುವ ಎರಕದ ನಂಬರಿನ ಫೋಟೋ ತರಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇನ್ನೆರಡು ಬಲೆಗಳಿವೆ. ಜೋಡಿ ಎಂಜಿನ್ನಿನ ಇನ್‌ಬೋರ್ಡ್ ಬೋಟುಗಳಲ್ಲಿ ಒಂದು ಉಲ್ಟಾ ತಿರುಗುತ್ತದೆ. ಆಲ್ಫಾಗೆ ಬೇಕಾದದ್ದು ಫ್ಲೈವೀಲ್ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುವ ಎಂಜಿನ್. ಇನ್ನೊಂದು ಬಲೆ ಮರ್ಕ್ರೂಸರ್‌ನದೇ ಇನ್ನೊಂದು ಡ್ರೈವಾದ ಬ್ರಾವೋಗೆ ಜೋಡಿಸಿದ್ದ ಎಂಜಿನ್. ಬ್ರಾವೋದಲ್ಲಿ ಹೊರಗಿನ ನೀರೆತ್ತುವ ಪಂಪ್ ಎಂಜಿನ್ ಮೇಲಿರುತ್ತದೆ, ಆಲ್ಫಾದಲ್ಲಿ ಡ್ರೈವಿನೊಳಗಿದೆ. ಆಲ್ಫಾ ಗೇರಿನಿಂದ ಹೊರಬರಲು ಕ್ಷಣಮಾತ್ರ ಇಗ್ನಿಷನ್ ಕಡಿಯುವ ಸ್ವಿಚ್ ಬೇಕು, ಬ್ರಾವೋದ ವೈರಿಂಗಿನಲ್ಲಿ ಅದಿಲ್ಲ. ಅದನ್ನು ಕೂಡಿಸದಿದ್ದರೆ ದಡ ಹತ್ತಿರ ಬಂದಾಗ ಗೇರು ನ್ಯೂಟ್ರಲ್‌ಗೆ ಬಾರದೆ ನೇರ ಜೆಟ್ಟಿಗೆ ಗುದ್ದುತ್ತೀರಿ.

ದೊಡ್ಡ ಎಂಜಿನ್ ಹಾಕಲೇ?

ಅದೇ ವರ್ಷದ ಅದೇ ಮಾಡೆಲ್ಲಿನ ಬ್ರೋಷರ್ ಹುಡುಕಿ. ತಯಾರಕರೇ ಆ ಹಲ್‌ಗೆ 4.3, 5.7 ಎರಡನ್ನೂ ಕೊಡುತ್ತಿದ್ದರೆ ದಾರಿಯಿದೆ, ಇಲ್ಲದಿದ್ದರೆ ಆಸೆ ಬಿಡಿ. ಬೋಟಿನ ಮೇಲಿನ ಸರ್ಕಾರಿ ಕ್ಯಾಪಾಸಿಟಿ ಪ್ಲೇಟಿನ ಎಚ್‌ಪಿ ಮಿತಿ ಔಟ್‌ಬೋರ್ಡ್‌ಗೆ, ಅಂದರೆ ಪೂರ್ತಿ ಹೊರಗೆ ಕೂರುವ ಎಂಜಿನ್ನಿಗೆ ಮಾತ್ರ. ಸ್ಟರ್ನ್‌ಡ್ರೈವಿಗೆ ಅಲ್ಲಿ ಸಂಖ್ಯೆಯಿಲ್ಲ ಎಂದರೆ ಮಿತಿಯಿಲ್ಲ ಎಂದರ್ಥವಲ್ಲ. ಡ್ರೈವ್ ಸೇರಿ 3.0ರ ತೂಕ ಸುಮಾರು 290 ಕೆ.ಜಿ., 4.3ರದು 390, 5.7ರದು 450ರ ಮೇಲೆ. ಹಿಂಭಾಗ ಭಾರವಾಗಿ ಕುಸಿದರೆ ರೈಸರ್ ನೀರಿನ ಮಟ್ಟಕ್ಕೆ ಹತ್ತಿರವಾಗುತ್ತದೆ. ಬೋಟು ನಿಂತಿರುವಾಗ ನೀರಿನ ಮಟ್ಟದಿಂದ ರೈಸರಿನ ನೆತ್ತಿಗೆ ಕನಿಷ್ಠ 330 ಮಿ.ಮೀ. ಇರಬೇಕು. ಕಡಿಮೆಯಾದರೆ ಎತ್ತರದ ರೈಸರ್ ಹಾಕಿ.

ಡ್ರೈವಿನ ಗೇರ್ ಅನುಪಾತವೇ ದೊಡ್ಡ ತೊಡಕು. ಮೊದಲ ತಲೆಮಾರಿನ ಆಲ್ಫಾದಲ್ಲಿ 4.3ಕ್ಕೆ 1.84, 5.7ಕ್ಕೆ 1.50. ಗೊತ್ತಿಲ್ಲದಿದ್ದರೆ ಡ್ರೈವ್ ಬಿಚ್ಚಿದಾಗ ಗೇರಿನಲ್ಲಿಟ್ಟು ಪ್ರೊಪೆಲರ್ 10 ಸುತ್ತು ಬರುವಷ್ಟರಲ್ಲಿ ಒಳಶಾಫ್ಟ್ ಎಷ್ಟು ಸುತ್ತಿತೆಂದು ಎಣಿಸಿ. 15 ಬಂದರೆ 1.50. ವೇಗದ ಲೆಕ್ಕ ಹೀಗೆ: ಆರ್‌ಪಿಎಂ ಅನ್ನು ಪ್ರೊಪೆಲರ್ ಪಿಚ್‌ನಿಂದ (ಜಾರದೆ ಒಂದು ಸುತ್ತಿಗೆ ಮುಂದೆ ಸಾಗುವ ಇಂಚು) ಗುಣಿಸಿ, ಬಂದದ್ದನ್ನು ಅನುಪಾತ ಮತ್ತು 1056ರ ಗುಣಲಬ್ಧದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಮೈಲಿ ಎಂದು ಸಿಗುತ್ತದೆ. ಅದರಲ್ಲಿ ಜಾರುವಿಕೆಗೆಂದು ಶೇ. 10ರಿಂದ 15 ಕಳೆಯಿರಿ. 4.3ರ ಬೋಟು 4600 ಆರ್‌ಪಿಎಂ, 21 ಪಿಚ್, 1.84ರಲ್ಲಿ ಕಾಗದದ ಮೇಲೆ 49.7, ನೀರಿನಲ್ಲಿ 43ರ ಆಸುಪಾಸು. ಅದೇ ಡ್ರೈವ್ ಉಳಿಸಿಕೊಂಡು 5.7 ಹಾಕಿ 52 ಮೈಲಿ ಬಯಸಿದರೆ 25 ಪಿಚ್ ಬೇಕಾಗುತ್ತದೆ. ಸಾಮಾನ್ಯ ಅಲ್ಯೂಮಿನಿಯಂ ಪ್ರೊಪೆಲರ್‌ಗಳಲ್ಲಿ ಅಷ್ಟು ಸಿಗುವುದು ಅಪರೂಪ. ಸಾಲದ್ದಕ್ಕೆ 1.50ಕ್ಕೆ ಹೋಲಿಸಿದರೆ ಪ್ರೊಪೆಲರ್ ಶಾಫ್ಟಿನ ಮೇಲೆ ತಿರುಚುಬಲ ಶೇ. 23ರಷ್ಟು ಹೆಚ್ಚು. ಆದ್ದರಿಂದ ಎಂಜಿನ್ ದೊಡ್ಡದಾದರೆ ಡ್ರೈವಿನ ಮೇಲಿನ ಅರ್ಧವನ್ನೂ 1.50ರದಕ್ಕೆ ಬದಲಿಸಬೇಕು. ಆಲ್ಫಾ ತಡೆಯುವುದು 300 ಎಚ್‌ಪಿ ತನಕ ಮಾತ್ರ.

4.3ರಿಂದ 5.7ಕ್ಕೆ ಹೋಗುವುದು ಇಷ್ಟೆಲ್ಲ ಕೂಡಿಬಂದರೆ ಸಮಂಜಸ. 3.0ರಿಂದ ವಿ8ಗೆ ಹಾರುವುದನ್ನು ನಾವು ಒಪ್ಪುವುದಿಲ್ಲ. ಎಂಜಿನ್ ಮುಚ್ಚಳ, ಎಂಜಿನ್ ಕಾಲುಗಳು, ಎಕ್ಸಾಸ್ಟ್ ವೈ-ಪೈಪ್, ವೈರಿಂಗ್, ಡ್ರೈವ್ ಯಾವುದೂ ಹೊಂದುವುದಿಲ್ಲ. ಆ ದುಡ್ಡಿಗೆ ವಿ8 ಇರುವ ಬೋಟೇ ಬರುತ್ತದೆ.

ಇಳಿಸಿದ ಮೇಲೆ

ಎಂಜಿನ್ ಹೊರಗಿರುವಾಗಲೇ ಎಂಜಿನ್ನನ್ನು ಡ್ರೈವಿನ ಶಾಫ್ಟಿಗೆ ಜೋಡಿಸುವ ಕಪ್ಲರ್, ಆ ಶಾಫ್ಟನ್ನು ಹಿಡಿಯುವ ಗಿಂಬಲ್ ಬೇರಿಂಗ್, ನೀರು ಒಳಬರದಂತೆ ತಡೆಯುವ ರಬ್ಬರ್ ಬೆಲ್ಲೋಸ್ ಹೊಸದು ಹಾಕಿ. ಹಿಂದಿನ ಮೌಂಟುಗಳು ಅಲುಗುವುದಿಲ್ಲ, ಹೊಂದಿಸುವುದು ಮುಂದಿನವುಗಳಿಂದ. ಅಲೈನ್‌ಮೆಂಟ್ ಬಾರ್ ಗಿಂಬಲ್ ಬೇರಿಂಗ್ ಮೂಲಕ ಕಪ್ಲರಿಗೆ ಎರಡು ಬೆರಳಿನ ಒತ್ತಿಗೆ ಜಾರಬೇಕು. ಸುತ್ತಿಗೆ ಬೇಕಾಯಿತೆಂದರೆ ಕೆಲವೇ ಗಂಟೆಗಳಲ್ಲಿ ಕಪ್ಲರಿನ ಹಲ್ಲು ಸವೆದು, ಎಂಜಿನ್ ಜೋರಾಗಿ ತಿರುಗಿದರೂ ಬೋಟು ಅಲ್ಲೇ ನಿಲ್ಲುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ಡಿಸ್ಟ್ರಿಬ್ಯೂಟರ್ ತೆಗೆದು ಡ್ರಿಲ್ಲಿನಿಂದ ಆಯಿಲ್ ಪಂಪ್ ತಿರುಗಿಸಿ ಪ್ರೆಷರ್ ಬರಿಸಿ. ತಳದ ಆವಿಯನ್ನು ಹೊರಹಾಕುವ ಬ್ಲೋವರ್ ನಾಲ್ಕು ನಿಮಿಷ ಓಡಲಿ. ಮೊದಲ 10 ಗಂಟೆ ಥ್ರಾಟಲ್ ಮುಕ್ಕಾಲು ದಾಟಿಸಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, 1500 ಆರ್‌ಪಿಎಂ ಕೆಳಗೆ ಬಹಳ ಹೊತ್ತು ಓಡಲು ಬಿಡಬೇಡಿ. 20 ಗಂಟೆಗೆ ಆಯಿಲ್, ಫಿಲ್ಟರ್ ಬದಲಿಸಿ. ಪ್ರೊಪೆಲರ್ ತೀರ್ಮಾನ ಅದಾದ ಮೇಲೆ: ಎಂದಿನಷ್ಟು ಜನ, ತುಂಬಿದ ಟ್ಯಾಂಕ್, ಪೂರ್ತಿ ಥ್ರಾಟಲ್. ಕಾರ್ಬ್ಯುರೇಟರಿನ 4.3, 5.7ಗಳು 4400ರಿಂದ 4800ರ ನಡುವೆ ನಿಲ್ಲಬೇಕು. ಒಂದು ಇಂಚು ಪಿಚ್ ಕಡಿಮೆಯಾದರೆ 150ರಿಂದ 200 ಆರ್‌ಪಿಎಂ ಏರುತ್ತದೆ. 4200ಕ್ಕೆ ನಿಂತರೆ 21ರ ಬದಲು 19 ಹಾಕಿ ಮತ್ತೆ ನೋಡಿ.